ಸಹಿಯಾಗದೆ ಉಳಿದ ಪುಸ್ತಕಗಳು

ಒಂದೂರಿನಲ್ಲಿ ಒಬ್ಬ ಶ್ರೀಮಂತೆ ಇದ್ದಳು. ಶ್ರೀಮಂತೆ ಅಂದ ಕೂಡಲೇ ನೀವು ಬಂಗಾರದ ಪಾಟಲಿ, ಮಹಡಿ ಮನೆ ನೆನೆಸಿಕೊಂಡಿರಿ. ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ. ಅವಳ ಹತ್ತಿರ ಇದ್ದದ್ದು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಷೀನು, ಒಂದು ದೊಡ್ಡ ಕತ್ತರಿ, ಕೊರಳಲ್ಲಿ ಸದಾ ಜೋತಾಡುವ ಅಳತೆ ಟೇಪು. ಅಷ್ಟೇ. ಮತ್ತೆ ಶ್ರೀಮಂತಿಕೆ ಎಲ್ಲಿಂದ ಬಂತು?

ನೋಡಿ, ಆ ಊರಿನ ಹೆಣ್ಣುಮಕ್ಕಳೆಲ್ಲ ಜಂಪರದ ಅಳತೆ ಕೊಡಲು ಅವಳ ಮುಂದೆ ಬಂದು ಕೈ ಎತ್ತಿ ನಿಲ್ಲುತ್ತಿದ್ದರು. ಅತ್ತೆಯ ಮುಂದೆ ಆಡದ ಮಾತು, ಗಂಡನ ಮುಂದೆ ಆಡದ ಮಾತು, ಹೆತ್ತವ್ವನ ಮುಂದೂ ಆಡದ ಮಾತು ಅಲ್ಲಿ ಆಡುತ್ತಿದ್ದರು. ಟೇಪು ಬೆನ್ನ ಮೇಲೆ ಓಡುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಜನರ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು, ಒಂದನ್ನೂ ಹೊರಗೆ ಬಿಡದೆ ಬಾಳಿದವಳು ಶ್ರೀಮಂತೆ ಅಲ್ಲವೇ?

ಅವಳನ್ನು ಊರು ಟೇಲರಕ್ಕ ಅನ್ನುತ್ತಿತ್ತು. ಹೆಸರೇನು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೇಲರಕ್ಕನಿಗೆ ಒಬ್ಬಳು ಗೆಳತಿ. ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳಿಗೆ ಊರಿನವರ ಬಾಯಲ್ಲಿ ಮೇಡಂ ಅಂತಲೇ ಹೆಸರು. ಕಾಲೇಜಿಗೆ ಹೊಸದಾಗಿ ಬಂದಾಗ ಮೇಡಂ ಒಂದು ಖಣ ತಂದು ಜಂಪರ ಹೊಲಿಯಲು ಕೊಟ್ಟಳು. ತೊಟ್ಟು ನೋಡಿದಳು. ಎಲ್ಲ ಸರಿಯಾಗಿತ್ತು, ಬಲಗೈ ತೋಳು ಮಾತ್ರ ಒಂದಿಷ್ಟು ಸಡಿಲ.

"ಇದೊಂದು ತೋಳು ಸಡಿಲ ಆಗೇದಲ್ರಿ," ಅಂದಳು.

"ಆಗಿಲ್ರಿ, ನಾನ ಬಿಟ್ಟೀನಿ. ಅರ್ಧ ಇಂಚು," ಅಂದಳು ಟೇಲರಕ್ಕ. "ದಿನಾ ಬೋರ್ಡಿನ ಮ್ಯಾಲೆ ಬರಿಯೋ ಕೈ ಅಲ್ರಿ ಅದು? ಎತ್ತಿದಾಗ ಹಿಡೀಬಾರದು."

ಮೇಡಂ ಕೇಳಿದ್ದಳೇ? ಕೇಳಿರಲಿಲ್ಲ. ಇವಳು ಅದಕ್ಕೆ ಹೆಚ್ಚು ಮಜೂರಿ ತೆಗೆದುಕೊಂಡಳೇ? ಇಲ್ಲ. ಇನ್ನೊಬ್ಬರ ದಿನ ಹೇಗೆ ಕಳೆಯುತ್ತದೆ ಅಂತ ಒಂದು ಗಳಿಗೆ ಯೋಚಿಸಿ, ಅವರು ಕೇಳುವ ಮೊದಲೇ ಅರ್ಧ ಇಂಚು ಜಾಗ ಬಿಟ್ಟಳು. ನಾನು ಎಷ್ಟೋ ಪುರಾಣ ಕೇಳಿದ್ದೇನೆ, ಎಷ್ಟೋ ಗುರುಗಳ ಮಾತು ಕೇಳಿದ್ದೇನೆ. ದಯೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಅರ್ಧ ಇಂಚು.

ಹೀಗೆ ಬೆಳೆದ ಸ್ನೇಹ ಮೂವತ್ತು ವರ್ಷ ನಡೆಯಿತು. ಸಂಜೆ ಕಾಲೇಜು ಬಿಟ್ಟ ಮೇಲೆ ಮೇಡಂ ಆ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂಡುವಳು. ಇವಳು ಗುಂಡಿ ಹಚ್ಚುತ್ತಾ, ಅವಳು ಪತ್ರಿಕೆ ಓದಿ ಹೇಳುತ್ತಾ, ಇಬ್ಬರೂ ಒಂದೇ ಬಟ್ಟಲಿನ ಚಹಾ ಹಂಚಿಕೊಂಡು ಕುಡಿಯುವರು.

ಒಂದು ದಿನ ಟೇಲರಕ್ಕ ಮಷೀನು ತುಳಿಯುತ್ತಲೇ ಅಂದಳು, "ಯಾಕೋ ಜಂಪರ ಕಂಕಳದಾಗ ಬಿಗಿ ಆಗಾಕತ್ತೈತ್ರಿ ಮೇಡಂ. ಒಂದ ಕಡಿ."

"ಶೇಂಗಾ ಹೋಳಿಗಿ ಕಡಿಮಿ ಮಾಡು," ಅಂದಳು ಮೇಡಂ. "ಊರ ಮಂದಿ ಅಳತಿ ತಗೋತಿ. ನಿನ್ನ ಅಳತಿ ಎಂದಾದ್ರೂ ತಗೊಂಡೀದಿ?"

ಇಬ್ಬರೂ ನಕ್ಕರು. ಮಾತು ಮುಗಿಯಿತು.

ನಿಜಕ್ಕೂ, ಅವಳ ಅಳತೆಯ ವಹಿಯಲ್ಲಿ ಊರಿನ ಹೆಣ್ಣುಮಕ್ಕಳೆಲ್ಲರ ಎದೆ, ಸೊಂಟ, ತೋಳು ಬರೆದಿಟ್ಟಿತ್ತು. ಅವಳ ಪುಟ ಮಾತ್ರ ಇರಲಿಲ್ಲ. ಮದುವೆಯ ವರ್ಷ ಹೊಲಿದುಕೊಂಡ ಒಂದು ಹಳೆಯ ಜಂಪರವನ್ನೇ ಬಟ್ಟೆಯ ಮೇಲೆ ಹಾಸಿ, ಅದರ ಗುರುತಿಗೆ ಕತ್ತರಿಸಿ ಹೊಲಿದುಕೊಳ್ಳುತ್ತಿದ್ದಳು. ಪಂಚಮಿಯ ಹೊಲಿಗೆ ಮುಗಿಯಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು ಅಂದುಕೊಂಡಳು. ಪಂಚಮಿ ಮುಗಿಯಿತು, ದಸರಾ ಬಂತು. ದಸರಾ ಮುಗಿಯಲಿ. ದೀಪಾವಳಿ ಬಂತು. ದೀಪಾವಳಿ ಮುಗಿಯಲಿ. ಆಮೇಲೆ ಲಗ್ನದ ಕಾಲ. ಯಾರದೋ ಮಗಳ ಸೀರೆಗೆ ಜಂಪರ ತಡವಾಗಬಾರದಲ್ಲ? ಹಬ್ಬ ಎಂದಾದರೂ ಮುಗಿಯುತ್ತದೆಯೇ?

ಅವಳು ಡಾಕ್ಟರ ಮುಂದೆ ಕೂತಾಗ ಎದೆಯಲ್ಲಿ ಎದ್ದಿದ್ದ ಗಂಟು ಕಂಕುಳಿನವರೆಗೂ ಹಬ್ಬಿತ್ತು. ಸ್ತನದ ಕ್ಯಾನ್ಸರ್. ಔಷಧ ಮಾಡಿದರು, ಆಪರೇಷನ್ ಮಾಡಿದರು, ಎಲ್ಲ ಮಾಡಿದರು. ಒಂದೂವರೆ ವರ್ಷ ಬಾಳಿದಳು.

ಕೊನೆಯ ದಿನಗಳಲ್ಲಿ ಮೇಡಂ ಹಾಸಿಗೆಯ ಪಕ್ಕ ಕೂತು ಅಳುತ್ತಿದ್ದಳು. "ನೀ ಅವತ್ತ ಹೇಳಿದ್ದಿ. ನಾ ನಕ್ಕುಬಿಟ್ಟೆ."

ಟೇಲರಕ್ಕ ಏನಂದಳು ಗೊತ್ತೇ? ಬೈಯಲಿಲ್ಲ. "ನಾನೂ ನಕ್ಕೀನಲ್ರಿ. ನಾ ಹೇಳಿದ್ದ ಸಣ್ಣ ದನಿಯಾಗ. ನಿಮ್ಮ ತಪ್ಪಲ್ಲ. ಹೆಣ್ಮಕ್ಕಳು ಇಂಥಾದ್ದೆಲ್ಲ ಸಣ್ಣ ದನಿಯಾಗ ಹೇಳ್ತೇವಿ, ಮಷೀನಿನ ಸಪ್ಪಳದಾಗ ಹೇಳ್ತೇವಿ. ಇನ್ನೊಮ್ಮೆ ಯಾರರೆ ಹಂಗ ಹೇಳಿದ್ರ ಮಷೀನ್ ನಿಲ್ಲಸ್ರಿ, ಅಷ್ಟ."

ಇನ್ನೊಮ್ಮೆ ಯಾರಾದರೂ ಹೇಳಿದರೆ. ಸಾಯುವವಳು ತನ್ನ ಚಿಂತೆ ಬಿಟ್ಟು, ಮುಂದೆ ಬರುವ ಯಾವಳೋ ಒಬ್ಬಳಿಗೆ ಆಗಲೇ ಅರ್ಧ ಇಂಚು ಜಾಗ ಬಿಡುತ್ತಿದ್ದಳು.

ಅವಳು ತೀರಿಕೊಂಡ ದಿನ ಇನ್ನೊಂದು ಸಂಗತಿ ನಡೆಯಿತು. ಹಂಪವ್ವ ಹೋದರು ಅಂತ ಊರಿನ ಹೆಣ್ಣುಮಕ್ಕಳ ಬಳಗದ ಹಲಗೆಯ ಮೇಲೆ ಬರೆದರು. ಜನ ಓದಿಕೊಂಡು, ಯಾರೋ ಪಾಪ ಅನ್ನುತ್ತಾ ತರಕಾರಿ ತರಲು ಹೋದರು. ಮಧ್ಯಾಹ್ನ ಯಾರೋ ಅದನ್ನು ಒರೆಸಿ ಟೇಲರಕ್ಕ ಅಂತ ಬರೆದರು. ಆಗ ಊರಿಗೆ ಊರೇ ಅವಳ ಬಾಗಿಲಿಗೆ ಓಡಿತು. ಮೂವತ್ತು ವರ್ಷ ನಮ್ಮ ಮೈಯ ಒಂದೊಂದು ಇಂಚು ಬಲ್ಲವಳ ಹೆಸರು ನಮಗೆ ಗೊತ್ತಿರಲಿಲ್ಲ.

ಮೇಡಂ ಆಗ ನಿವೃತ್ತಿಯಾಗಿದ್ದಳು. ಒಂದು ವರ್ಷ ಕೂತು ಗೆಳತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದಳು. ನೂರು ಪುಟವೂ ಇಲ್ಲ. ಆ ಸಡಿಲ ತೋಳು, ಆ ಕಟ್ಟೆ, ಆ ಚಹಾ, ಕಂಕುಳಿನಲ್ಲಿ ಬಿಗಿ ಅಂದದ್ದು, ತಾನು ನಕ್ಕದ್ದು, ಎಲ್ಲ ಬರೆದಳು. ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಟೇಲರಕ್ಕನ ಹತ್ತಿರ ಹೊಲಿಗೆ ಕಲಿತ ಹುಡುಗಿಯರು ಏನು ಮಾಡಿದರು ಗೊತ್ತೇ? ಅಂಗಡಿಯ ಟ್ರಂಕಿನಲ್ಲಿ ಉಳಿದಿದ್ದ ಖಣದ ತುಣುಕುಗಳನ್ನೆಲ್ಲ ತೆಗೆದು ಒಂದೊಂದು ಪುಸ್ತಕಕ್ಕೂ ಒಂದೊಂದು ಹೊದಿಕೆ ಹೊಲಿದರು. ಒಂದಕ್ಕೆ ಹಸಿರು, ಒಂದಕ್ಕೆ ಕುಂಕುಮದ ಬಣ್ಣ, ಒಂದಕ್ಕೆ ನವಿಲಿನ ಕೊರಳಿನ ಬಣ್ಣ. ಹೆಂಗಸರು ಹೊದಿಕೆ ನೋಡಿ, "ಇದು ನನ್ನ ಮಗಳ ಸೀಮಂತದ ಖಣ," "ಇದು ನನ್ನ ಉಡಿ ತುಂಬಿದಾಗ ಬಂದದ್ದು," ಅಂತ ಗುರುತು ಹಿಡಿದರು. ಆ ಪುಸ್ತಕ ಮಾರಿ ಬಂದದ್ದರಲ್ಲಿ ಊರಿನ ಹೆಣ್ಣುಮಕ್ಕಳನ್ನು ಜಿಲ್ಲಾ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು ಅಂತ ಬಳಗದವರು ತೀರ್ಮಾನಿಸಿದರು. ಒಂದು ಶನಿವಾರ ಬೆಳಿಗ್ಗೆ, ಬಳಗದ ಮನೆಯಲ್ಲಿ, ಮೇಡಂ ಕೂತು ಕೊಂಡವರಿಗೆಲ್ಲ ಹೆಸರು ಬರೆದು ಸಹಿ ಮಾಡಿಕೊಡುವುದು ಅಂತ ಗೊತ್ತಾಯಿತು.

ಎಂಥ ಒಳ್ಳೆಯ ಬೆಳಗು ಅದು. ಒಬ್ಬಾಕೆ ಮೇಡಂ ಮೊಣಕೈ ಕೆಳಗೆ ಮಡಚಿದ ಶಾಲು ಇಟ್ಟಳು, ಮೇಜು ಒತ್ತಬಾರದು ಅಂತ. ಇನ್ನೊಬ್ಬಾಕೆ ಗಳಿಗೆಗೊಮ್ಮೆ ನೀರು ತಂದಿಡುವಳು, ಕುಡಿಯದಿದ್ದರೂ ಬದಲಿಸುವಳು. ಮೈಕಿನವನು ಯಾರೂ ಹೇಳದೆ ಫ್ಯಾನನ್ನು ತನ್ನ ಕಡೆಯಿಂದ ಸಾಲಿನ ಕಡೆಗೆ ತಿರುಗಿಸಿಟ್ಟ. ನಾವು ಇವನ್ನೆಲ್ಲ ನೋಡುವುದೇ ಇಲ್ಲ. ನೋಡಬೇಕು. ಲೋಕ ನಿಂತಿರುವುದು ಇಂಥವುಗಳ ಮೇಲೆ.

ಮೊದಲನೆಯಾಕೆ ಬಂದಳು.

"ಯಾರ ಹೆಸರಿಗೆ ಬರೀಲಿ?"

"ನಮ್ಮ ಮೊಮ್ಮಗನ ಹೆಸರಿಗೆ ಬರೀರಿ."

"ಏನು ಓದ್ತಾನ?"

"ಓದೂದೆಲ್ಲಿ ಬಂತ್ರಿ, ಬರೋ ಶ್ರಾವಣಕ್ಕ ಎರಡು ತುಂಬತಾವ."

ಸಾಲೆಲ್ಲ ನಕ್ಕಿತು. ಎರಡನೆಯಾಕೆ ಮಗನ ಹೆಸರು ಹೇಳಿದಳು. ಮೂರನೆಯಾಕೆ ಭಾವನ ಹೆಸರು. ನಾಲ್ಕನೆಯಾಕೆ ಮಾವನವರ ಹೆಸರು, ಅವರು ತೀರಿಹೋಗಿ ಆರು ವರ್ಷವಾಗಿತ್ತು. ಹೆಣ್ಣಿನ ಮೈಯ ಕಷ್ಟ ಹೇಳುವ ಪುಸ್ತಕ, ಹೆಣ್ಣುಮಕ್ಕಳೇ ಬಂದು ಕೊಳ್ಳುತ್ತಿದ್ದಾರೆ, ಹೆಸರು ಮಾತ್ರ ಒಂದೂ ಹೆಣ್ಣಿನದಲ್ಲ.

ಐದನೆಯದಾಗಿ ಹಸಿರು ಸೀರೆಯ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತೈದರ ಹೆಂಗಸು.

"ನಮ್ಮನಿಯಾವರ ಹೆಸರಿಗೆ ಬರೀರಿ," ಅಂದಳು.

"ಹೆಸರೇನವ್ವಾ?"

ಹೇಗೆ ಹೇಳಿಯಾಳು? ನಮ್ಮ ಕಡೆ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಹೇಳಿದರೂ ಒಡಪಿನ ಪ್ರಾಸದಲ್ಲಿ ಸೇರಿಸಿ ಹೇಳುವುದು. ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು, "ಒಡಪು ಹಾಕಿ ಹೇಳವಾ. ನಾವೂ ಕೇಳ್ತೇವಿ."

ಹಸಿರು ಸೀರೆಯಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು:

"ಎಣ್ಣಿಗಾಯಿ ಬದನಿಕಾಯಿ, ಹಂಚಿನ ಮ್ಯಾಲೆ ರೊಟ್ಟಿ,
ಮಹಾರುದ್ರಪ್ಪನವರು ಮಾತಿಗೆ ಭಾಳ ಗಟ್ಟಿ."

ಎಲ್ಲರೂ ಚಪ್ಪಾಳೆ ಹೊಡೆದರು. "ಗಟ್ಟಿ ಅಂದ್ರ ಮಾತ ಆಡಂಗಿಲ್ಲೇನ?" ಅಂತ ಅಜ್ಜಿ ಚೇಷ್ಟೆ ಮಾಡಿದಳು. ಮೇಡಂ ನಗುತ್ತಾ ಮಹಾರುದ್ರಪ್ಪನವರಿಗೆ ಅಂತ ಬರೆದು ಸಹಿ ಮಾಡಿದಳು.

ಅರ್ಧ ಗಂಟೆಯಾದ ಮೇಲೆ ನೋಡಿದರೆ ಅದೇ ಹಸಿರು ಸೀರೆ ಮತ್ತೆ ಎದುರಿಗಿದೆ. ಈ ಸಲ ಇನ್ನೊಂದು ಪುಸ್ತಕ ಕೊಂಡಿದ್ದಾಳೆ. ಆಗಲಿರುವ ಅಳಿಯನ ಹೆಸರಿಗೆ. ಮಗಳ ಲಗ್ನ ಗೊತ್ತಾಗಿದೆಯಂತೆ. ಒಳ್ಳೆಯದಾಗಲಿ ಅಂತ ಮೇಡಂ ಬರೆದುಕೊಟ್ಟಳು.

ಮೂರನೆಯ ಸಲ ಆ ಹೆಣ್ಣುಮಗಳು ಸಾಲಿನಲ್ಲಿ ನಿಂತಿದ್ದನ್ನು ನೀವು ನೋಡಬೇಕಿತ್ತು. ತನ್ನ ಸರದಿ ಹತ್ತಿರ ಬಂದಂತೆಲ್ಲ ಹಿಂದಿನವರಿಗೆ ಜಾಗ ಬಿಡುವಳು. "ನಿಮ್ಮ ಕೂಸು ಅಳಾಕತ್ತೈತಿ, ಮುಂದ ಹೋಗ್ರಿ." "ನಿಮ್ಮ ಕಾಲು ನೋಯ್ತಾವಲ್ಲ, ಹೋಗ್ರಿ." "ನನಗೇನ ಗಡಿಬಿಡಿ ಇಲ್ಲ." ಎಲ್ಲರೂ ಮೆಚ್ಚಿಕೊಂಡರು. ಎಂಥ ಒಳ್ಳೆಯ ಹೆಣ್ಣುಮಗಳು, ಎಷ್ಟು ತಾಳ್ಮೆ ಅಂದರು. ನೀವಾಗಿದ್ದರೂ ಅನ್ನುತ್ತಿದ್ದಿರಿ.

ಆದರೆ ನೋಡಿ, ಇದು ಎಲ್ಲೋ ಕೇಳಿದ ಹಾಗಿದೆ ಅಲ್ಲವೇ? ಮೊದಲು ನಿಮ್ಮದು, ಆಮೇಲೆ ನನ್ನದು. ಪಂಚಮಿ ಮುಗಿಯಲಿ, ದಸರಾ ಮುಗಿಯಲಿ. ಒಳ್ಳೆಯತನ ಎಷ್ಟೋ ಸಲ ಹೆದರಿಕೆಯ ಸೆರಗು ಹೊದ್ದುಕೊಂಡು ನಿಂತಿರುತ್ತದೆ.

ಸಾಲಿನಲ್ಲಿ ನಿಂತು ಅವಳು ಪುಸ್ತಕ ಓದುತ್ತಿದ್ದಳು. ಒಂದೇ ಪುಟ. ಮತ್ತೆ ಮತ್ತೆ ಅದೇ ಪುಟ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇನ್ನು ಬಿಡಲು ಯಾರ ಕಾಲೂ ನೋಯದೆ, ಯಾರ ಕೂಸೂ ಅಳದೆ, ಅವಳು ಮೇಜಿನ ಮುಂದೆ ಬರಲೇಬೇಕಾಯಿತು. ಹಿಂದೆ ಇನ್ನೂ ನಲವತ್ತು ಜನ ಇದ್ದರು.

ಮೇಡಂ ತಲೆ ಎತ್ತಿದಳು. "ಮೂರನೇ ಸಲ ಬಂದೀಯಲ್ಲವ್ವಾ. ಈಗ ಯಾರ ಹೆಸರಿಗೆ?"

"ನಮ್ಮ ಅಣ್ಣನ..." ಅಂದಳು.

ಮೇಡಂ ಪೆನ್ನು ಎತ್ತಿದವಳು ನಿಲ್ಲಿಸಿದಳು. "ನಿನ್ನ ಹೆಸರಿಗೆ ಬರೀಲೇನು?"

"ನನ್ನ ಹೆಸರಿಗೆ ಬರದ್ರ ಯಾರು ಓದ್ತಾರ್ರಿ," ಅಂದಳು. ನಕ್ಕಳು. ನಗುತ್ತಲೇ, ಫ್ಯಾನಿನ ಸಪ್ಪಳದಲ್ಲಿ, ಬಹಳ ಸಣ್ಣ ದನಿಯಲ್ಲಿ ಅಂದಳು, "ಅವರು ಕಂಕಳದಾಗ ಬಿಗಿ ಅಂದಿದ್ರು ಅಂತ ಬರದೀರಲ್ರಿ. ನನಗೂ ಹಂಗ ಅನಸ್ತದ. ಏನೂ ಇರಲಿಕ್ಕಿಲ್ಲ ಬಿಡ್ರಿ. ಮಗಳ ಲಗ್ನ ಮುಗೀಲಿ, ತೋರಸ್ತೀನಿ."

ಮುಗೀಲಿ.

ಈಗ ಹೇಳಿ. ಮೇಡಂ ಎದುರು ನಲವತ್ತು ಜನ ಕಾಯುತ್ತಿದ್ದಾರೆ. ಗೆಳತಿಯ ಹೆಸರಿನ ಕೆಲಸ, ಅದಕ್ಕಾಗಿ ಒಂದು ವರ್ಷ ಕಷ್ಟಪಟ್ಟಿದ್ದಾಳೆ. ಕೈಯಲ್ಲಿ ಪೆನ್ನಿದೆ. "ಹೌದವ್ವಾ, ತೋರಿಸು, ಮರೀಬೇಡ," ಅಂತ ಹೇಳಿ ಸಹಿ ಮಾಡಿ ಕಳಿಸಬಹುದಿತ್ತು. ಅದೂ ಒಳ್ಳೆಯ ಮಾತೇ. ನಾವೆಲ್ಲ ಅದನ್ನೇ ಹೇಳುತ್ತೇವೆ.

ಮೇಡಂ ಪೆನ್ನಿನ ಟೊಪ್ಪಿಗೆ ಹಾಕಿದಳು. ಮೇಜಿನ ಮೇಲಿಟ್ಟಳು. ಎದ್ದು ನಿಂತಳು.

"ಕೇಳಿಸ್ತವ್ವಾ," ಅಂದಳು. "ನಡಿ, ಹೋಗೂಣು."

"ಎಲ್ಲಿಗ್ರಿ?"

"ಡಾಕ್ಟರಮ್ಮನ ಕಡೆ. ಎರಡು ಗಂಟೆತನಕ ಇರ್ತಾರ."

ಹೆಣ್ಣುಮಗಳು ಗಾಬರಿಯಾದಳು. ಆದರೆ ಬಾಯಿಂದ ಬಂದ ಮಾತು ಯಾವುದು ಗೊತ್ತೇ? ನನಗೆ ಹೆದರಿಕೆ ಅಂತ ಅಲ್ಲ. "ಮನ್ಯಾಗ ಅವರು ಒಂದಕ್ಕ ಊಟಕ್ಕ ಬರ್ತಾರ್ರಿ. ಬಡಸಬೇಕು."

ಒಡಪು ಕೇಳಿದ ಅಜ್ಜಿ ಸಹಿ ಮಾಡಿಸಿಕೊಂಡು ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಆಕೆಯ ಕಿವಿಗೆ ಎಲ್ಲ ಬಿದ್ದಿತ್ತು. "ಒಂದ ದಿನ ತಾವ ಬಡಿಸಿಕೊಂಡ್ರ ಕೈ ಸವೀತಾವೇನ ಮಹಾರುದ್ರಪ್ಪಗ? ಆತು, ನಾ ಹೋಗಿ ಬಡಸ್ತೀನಿ. ನೀ ನಡಿ."

ಮೇಡಂ ಸಾಲಿನ ಕಡೆ ತಿರುಗಿ ಕೈಮುಗಿದಳು. "ನಿಮ್ಮನ್ನೆಲ್ಲ ಕಾಯಿಸಿದೆ. ಇವತ್ತ ಆಗೂದಿಲ್ಲ. ಕ್ಷಮಿಸ್ರಿ."

ಎರಡು ತಾಸು ಕಾಲು ನೋಯಿಸಿಕೊಂಡು ನಿಂತವರು. ಒಬ್ಬರಾದರೂ ಗೊಣಗಿದರೇ? "ಸಹಿ ಏನು ಹೊಟ್ಟಿ ತುಂಬಸ್ತೈತ್ರಿ, ಹೋಗ್ರಿ," ಅಂದಳು ಒಬ್ಬಾಕೆ. ಇನ್ನೊಬ್ಬಾಕೆ ಸ್ಕೂಟರಿನ ಚಾವಿ ತೆಗೆದು, "ನಾ ಬಿಡ್ತೀನಿ ಬರ್ರಿ," ಅಂದಳು. ಏನು, ಎತ್ತ ಅಂತ ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೂ ಒಂದು ದಯೆ. ಸಾಲು ಎರಡು ಹೋಳಾಗಿ ದಾರಿ ಬಿಟ್ಟಿತು. ಆ ಹಸಿರು ಸೀರೆಯಾಕೆ ಜನ್ಮವಿಡೀ ಬೇರೆಯವರಿಗೆ ದಾರಿ ಬಿಟ್ಟವಳು. ಅವತ್ತು ನಲವತ್ತು ಜನ ಅವಳಿಗೆ ಬಿಟ್ಟರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ನಿಮ್ಮ ಜೀವ ಬಾಯಿಗೆ ಬಂದಿದೆ. ಗಂಟು ಇತ್ತು. ಅಡಕೆಯಷ್ಟು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹತ್ತರಲ್ಲಿ ಎಷ್ಟೋ ಏನೂ ಅಲ್ಲದವೇ ಇರುತ್ತವೆ. ಇವಳದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಹಬ್ಬಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಗಂಡನೇ ಕರೆದುಕೊಂಡು ಹೋದ. ದಾರಿಯಲ್ಲಿ ಬಸ್ಸಿನಲ್ಲಿ ಕೇಳಿದನಂತೆ, "ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?" ಅಂದಳಂತೆ ಅವಳು. ಅವನು ಊರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತನಂತೆ.

ಅಲ್ಲಿ ಚೀಟಿ ಬರೆಯುವ ಹುಡುಗಿ ಕೇಳಿದಳು, "ಪೇಶಂಟ್ ಹೆಸರು?" ಮಾತಿಗೆ ಗಟ್ಟಿಯಾದ ಮಹಾರುದ್ರಪ್ಪ ಸುಮ್ಮನೆ ನಿಂತ. ಇಪ್ಪತ್ತನಾಲ್ಕು ವರ್ಷದಿಂದ ಅವನು ಅವಳನ್ನು ಕರೆಯುತ್ತಿದ್ದದ್ದು "ಕೇಳಿಸ್ತೇನ" ಅಂತ. ಹೆಂಡತಿ ಗಂಡನ ಹೆಸರು ಹೇಳಬಾರದು ಅಂತ ನಾವು ಹಾಡು ಕಟ್ಟಿಕೊಂಡೆವು. ಗಂಡ ಹೆಂಡತಿಯ ಹೆಸರು ಹೇಳಬಾರದು ಅಂತ ಯಾರು ಅಂದಿದ್ದರು? ಯಾರೂ ಅಂದಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಹುಡುಗಿ ಮತ್ತೆ ಕೇಳಿದಳು. ಆಗ ಅವನು ಹೇಳಿದ, "ನೀಲಗಂಗಾ." ಒಡಪು ಇಲ್ಲದೆ. ಪಕ್ಕದಲ್ಲಿ ನಿಂತಿದ್ದ ಅವಳು ನೆಲ ನೋಡಿದಳು. ಅಂಥ ಹೊತ್ತಿನಲ್ಲೂ ಮನಸ್ಸಿಗೆ ಹಿತವೆನಿಸಿತಂತೆ. ಅವಳೇ ಆಮೇಲೆ ಹೇಳಿದ್ದು.

ಒಂದು ಮೊಲೆ ತೆಗೆದರು. ಕೂದಲು ಹೋಯಿತು. ಮಗಳ ಲಗ್ನ ನಿಲ್ಲಲಿಲ್ಲ, ಬೀಗರೇ ಬಂದು, "ನೀವು ಕುಂತಲ್ಲೇ ಕುಂದರ್ರಿ, ನಾವು ಮಾಡ್ತೇವಿ," ಅಂದರು. ಮಹಾರುದ್ರಪ್ಪ ರೊಟ್ಟಿ ಬಡಿಯಲು ಕಲಿತ. ಒಂದೊಂದು ರೊಟ್ಟಿಯೂ ಒಂದೊಂದು ಜಿಲ್ಲೆಯ ನಕಾಶೆಯ ಹಾಗೆ ಬರುತ್ತಿತ್ತಂತೆ. ಅವಳು ತಿಂದಳು.

ಮರುವರ್ಷ ಅದೇ ದಿನ ಬಳಗದವರು ಮತ್ತೆ ಸೇರಿದರು. ಯಾರೂ ಕರೆಯದೆ ನೀಲಗಂಗಾ ಎದ್ದು ನಿಂತಳು. ಕೂದಲು ಬೆರಳುದ್ದ ಬೆಳೆದಿತ್ತು. ಮುಖ ಕೆಂಪಾಗಿತ್ತು. ಹೇಳಿದಳು:

"ಒಂದು ಕಡಿ ಹೋದ್ರ ಹೋತು, ಉಳದ ಜೀವ ಗಟ್ಟಿ,
ನೀಲಗಂಗಾ ಅನ್ನಾಕಿ ಮತ್ತ ಬಡಿತಾಳ ರೊಟ್ಟಿ."

ತನ್ನ ಹೆಸರಿಗೆ ತಾನೇ ಒಡಪು ಕಟ್ಟಿದ ಹೆಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೌದು, ನಾನು ಅಂದೆ. ಒಂದೂರಿನಲ್ಲಿ ಅಂತ ಶುರು ಮಾಡಿದ್ದೆ, ಮುಚ್ಚಿಡಲು ಬರಲಿಲ್ಲ. ಅವತ್ತಿನ ಆ ಸಾಲಿನಲ್ಲಿ ನೀಲಗಂಗಾನ ಹಿಂದೆ ಉಳಿದ ನಲವತ್ತು ಜನರಲ್ಲಿ ನಾನೂ ಒಬ್ಬಳು. ಇಗೋ ನನ್ನ ಪುಸ್ತಕ. ಕುಂಕುಮದ ಬಣ್ಣದ ಖಣ. ಮೊದಲ ಪುಟ ಬಿಚ್ಚಿ ತೋರಿಸುತ್ತೇನೆ, ಹಿಂದಿನವರಿಗೂ ಕಾಣಲಿ. ಏನಿದೆ? ಏನೂ ಇಲ್ಲ. ಬಿಳೀ ಹಾಳೆ. ಆಮೇಲೆ ಮೇಡಂ ಎಷ್ಟೋ ಸಲ ಸಹಿ ಮಾಡಿಕೊಡುತ್ತೇನೆ ಬನ್ನಿ ಅಂದರು. ನಲವತ್ತು ಜನರಲ್ಲಿ ಒಬ್ಬರೂ ಹೋಗಲಿಲ್ಲ. ಈ ಬಿಳೀ ಹಾಳೆಯಲ್ಲಿ ಒಂದು ಜೀವ ಉಳಿದಿದೆ, ಇದರ ಮೇಲೆ ಇನ್ನೇನು ಬರೆಸುವುದು?

ನಾನು ನಿಂತಿದ್ದೆ ಅಂತ ಹೊಗಳಿಕೊಳ್ಳುತ್ತಿಲ್ಲ. ಅವಳು ಸಣ್ಣ ದನಿಯಲ್ಲಿ ಹೇಳಿದಾಗ ನನಗೆ ಕೇಳಿಸಲಿಲ್ಲ. ಅವಳಿಗಿಂತ ನಾಲ್ಕು ಹೆಜ್ಜೆ ಹಿಂದಿದ್ದೆ, ಪಕ್ಕದವರ ಜೊತೆ ಸೀರೆಯ ಮಾತಾಡುತ್ತಿದ್ದೆ. ಅದಕ್ಕೇ ಈ ಪುಸ್ತಕ ಮನೆಯಲ್ಲಿ ನನ್ನ ಪೂಜೆಯ ಜಾಗದಲ್ಲಿರುತ್ತದೆ.

ಈಗ ನಿಮ್ಮ ಕಡೆ ಬರುತ್ತೇನೆ.

ನಾವು ಪ್ರಸಾದ ಅಂದರೆ ಎಷ್ಟು ಭಕ್ತಿಯಿಂದ ಇರುತ್ತೇವೆ. ಒಂದಗುಳು ಬಿಡುವುದಿಲ್ಲ. ತಟ್ಟೆ ತೊಳೆದು ಆ ನೀರನ್ನೂ ಕುಡಿಯುತ್ತೇವೆ, ಕೊಟ್ಟವನಿಗೆ ಅಪಮಾನ ಆಗಬಾರದು ಅಂತ. ಈ ಮೈ ಕೊಟ್ಟವನು ಯಾರು? ಇದೂ ಪ್ರಸಾದವಲ್ಲವೇ? ಇದನ್ನು ಮಾತ್ರ ನೋಡದೆ, ಮುಟ್ಟದೆ, ಕೇಳದೆ, ಎಲ್ಲರ ಊಟ ಆದ ಮೇಲೆ ಉಳಿದರೆ ಉಂಡರಾಯಿತು ಅಂತ ಇಡುತ್ತೀರಲ್ಲ, ಅದು ಯಾವ ಭಕ್ತಿ? ತಾಯಿಯ ಮೊಲೆಹಾಲು ಅನ್ನುವಾಗ ನಮಗೆ ನಾಚಿಕೆ ಇಲ್ಲ, ಹಾಡಿ ಹೊಗಳುತ್ತೇವೆ. ಅದೇ ಮೊಲೆಯಲ್ಲಿ ಗಂಟಿದೆ ಅನ್ನುವಾಗ ಕಂಕುಳು ಅನ್ನುತ್ತೇವೆ, ಜಂಪರ ಬಿಗಿ ಅನ್ನುತ್ತೇವೆ. ಈಗ ನಾನು ಈ ಪ್ರವಚನದ ಪೀಠದ ಮೇಲೆ ಕೂತು ಆ ಶಬ್ದ ಹೇಳಿದಾಗ ನಿಮ್ಮಲ್ಲಿ ಅರ್ಧ ಜನ ತಲೆ ತಗ್ಗಿಸಿದಿರಿ. ತಗ್ಗಿಸಬೇಡಿ. ಮಕ್ಕಳ ಹೊಟ್ಟೆ ತುಂಬಿಸಿದ ಅಂಗ ಅದು. ಅದಕ್ಕೆ ಕೃತಜ್ಞರಾಗಿರಿ, ಕೃತಜ್ಞತೆ ಅಂದರೆ ಅದನ್ನು ನೋಡಿಕೊಳ್ಳುವುದು.

ನಾಳೆ ಸ್ನಾನದ ಮನೆಯಲ್ಲಿ ಅವಸರ ಮಾಡಬೇಡಿ. ನಿಮ್ಮ ಕೈಯಿಂದ ನಿಮ್ಮ ಮೈಯನ್ನು ನೀವೇ ವಿಚಾರಿಸಿ, ಕೂಸಿಗೆ ಎಣ್ಣೆ ಹಚ್ಚುವಾಗ ವಿಚಾರಿಸುವ ಹಾಗೆ. ತಿಂಗಳಿಗೊಮ್ಮೆ ವಿಚಾರಿಸಿ. ಏನಾದರೂ ಹೊಸದು ಕಂಡರೆ ಹಬ್ಬ ಮುಗಿಯಲಿ ಅನ್ನಬೇಡಿ, ಒಬ್ಬರಿಗೆ ಹೇಳಿ, ಗಟ್ಟಿಯಾಗಿ ಹೇಳಿ. ಇನ್ನು ಕೇಳುವವರು. ನಿಮ್ಮ ಅವ್ವ, ನಿಮ್ಮ ಸೊಸೆ, ನಿಮ್ಮ ಓರಗಿತ್ತಿ ಏನೋ ಒಂದು ಸಣ್ಣ ದನಿಯಲ್ಲಿ ಅಂದು ನಕ್ಕುಬಿಟ್ಟರೆ ನೀವೂ ನಕ್ಕು ಮುಗಿಸಬೇಡಿ. ಒಲೆ ಸಣ್ಣದು ಮಾಡಿ, ಟಿವಿ ಆರಿಸಿ, ಕೈಯಲ್ಲಿರುವ ಕೆಲಸ ಕೆಳಗಿಡಿ, ಏನಂದೆ ಇನ್ನೊಮ್ಮೆ ಹೇಳು ಅನ್ನಿ. ಹಿಂದೆ ಗೋಡೆಗೆ ಒರಗಿ ನಿಂತ ಗಂಡಸರಿಗೂ ಇದೇ ಮಾತು. ಕೇಳಿದ್ರೇನು ಅಂತ ನಿಮ್ಮ ಮನೆಯಾಕೆ ಬಸ್ಸಿನಲ್ಲಿ ಕೇಳುವ ಹಾಗೆ ಮಾಡಿಕೊಳ್ಳಬೇಡಿ. ಒಂದು ದಿನ ನೀವೇ ಬಡಿಸಿಕೊಳ್ಳಿ, ಅಜ್ಜಿ ಹೇಳಿದ ಹಾಗೆ ಕೈ ಸವೆಯುವುದಿಲ್ಲ.

ನನ್ನ ಮಟ್ಟಿಗೆ, ನನಗೆ ಎಪ್ಪತ್ತಾರು. ಎಷ್ಟು ಜನ ನನಗಾಗಿ ಅರ್ಧ ಇಂಚು ಬಿಟ್ಟಿದ್ದಾರೆ ಅಂತ ಲೆಕ್ಕ ಹಾಕಲು ಹೋದರೆ ಮುಗಿಯುವುದೇ ಇಲ್ಲ. ನಾನು ಇಲ್ಲಿಗೆ ಬರುವಾಗ ಮೆಟ್ಟಿಲ ಹತ್ತಿರ ಯಾರೋ ಒಬ್ಬ ಹೆಣ್ಣುಮಗಳು ಕೇಳದೆ ನನ್ನ ಕೈ ಹಿಡಿದಳು. ಹತ್ತಿಸಿ ಬಿಟ್ಟು ಜನರಲ್ಲಿ ಸೇರಿಹೋದಳು. ಹೆಸರು ಕೇಳಲಿಲ್ಲ ನಾನು. ಇಷ್ಟೆಲ್ಲ ಹೇಳಿ ನಾನೇ ಕೇಳಲಿಲ್ಲ. ಈಗ ಇಳಿದು ಬಂದ ಕೂಡಲೇ ಅವಳನ್ನು ಹುಡುಕುತ್ತೇನೆ.

ನೀವೂ ಎದ್ದು ಹೋಗುವ ಮೊದಲು ಪಕ್ಕದಲ್ಲಿ ಕೂತವರ ಕಡೆ ತಿರುಗಿ ಹೆಸರು ಕೇಳಿ. ಇಂಥವರ ಸೊಸೆ, ಇಂಥವರ ಅವ್ವ ಅನ್ನುತ್ತಾರೆ, ಒಪ್ಪಬೇಡಿ. ಅವರ ಹೆಸರು ಕೇಳಿ. ಕೇಳಿಸದಿದ್ದರೆ ಇನ್ನೊಮ್ಮೆ ಕೇಳಿ. ಬಾಗಿಲು ತೆರೆದೇ ಇರುತ್ತದೆ, ಅವಸರವಿಲ್ಲ.